ಎದೆ ಹಿಡಿದುಕೊಂಡು ಮೈಸೂರಿಗೆ

ನಮ್ಮ ಭಾವ ಟಿವಿಯಲ್ಲಿ ಬಂದ ಕಥೆ ಹೇಳು ಅಂತ ಮನೆಯ ಹುಡುಗರು ಈಗಲೂ ಪೀಡಿಸುತ್ತಾರೆ. ಸಂಜೆ ಬಚ್ಚಲ ಒಲೆಗೆ ಸೌದೆ ತುರುಕಿ, ಹಂಡೆ ನೀರು ಕಾಯುವ ತನಕ ಅಂಗೈ ಚಾಚಿ ಕೂತರೆ ಇದೇ ಕಥೆ ಆಗಬೇಕು. ಭಾವ ಎದುರಿಗಿದ್ದರೆ ಅರ್ಧಂಬರ್ಧ ಹೇಳಿ ಮುಗಿಸುತ್ತೇನೆ. ಇವತ್ತು ಅವರು ಬಾಡಿಗೆಗೆ ಹೋಗಿದ್ದಾರೆ, ಪೂರ್ತಿ ಹೇಳಬಹುದು.

ಭಾವ ಹೊಳೆನರಸೀಪುರದಲ್ಲಿ ಆಟೋ ಓಡಿಸುತ್ತಾರೆ. ಬೆಳಿಗ್ಗೆ ರೈಲಿನವರು, ಆಮೇಲೆ ಶಾಲೆ ಮಕ್ಕಳು, ಸಂತೆ ದಿನ ಮೂಟೆಗಳು. ಮಧ್ಯಾಹ್ನದ ಊಟ ಬಾಡಿಗೆ ಬಿಟ್ಟಾಗ. ವಯಸ್ಸು ಐವತ್ತು ದಾಟಿದೆ, ಜೇಬಿನಲ್ಲಿ ಬೀಡಿ ಕಟ್ಟು, ಆಟೋದ ಮುಂದಿನ ಗಾಜಿನ ಮೇಲೆ ನಗುತ್ತಿರುವ ಅಪ್ಪು. ರಾತ್ರಿ ಮನೆಗೆ ಬಂದು ಮುದ್ದೆ ಮುರಿಯುವಾಗ ಟಿವಿ ಓಡುತ್ತಿರಬೇಕು. ನ್ಯೂಸ್ ಚಾನೆಲ್ಲೇ ಆಗಬೇಕು. ಧಾರಾವಾಹಿ ಹೆಂಗಸರದ್ದು, ನ್ಯೂಸು ಗಂಡಸರದ್ದು ಅನ್ನುವ ವಿಭಜನೆ ಆ ಮನೆಯಲ್ಲಿ ಮೊದಲಿಂದಲೂ ಇದೆ. ಎರಡರಲ್ಲೂ ಅಳು ಒಂದೇ ಪ್ರಮಾಣದಲ್ಲಿರುತ್ತದೆ ಎಂಬುದು ನನ್ನ ಅಭಿಪ್ರಾಯ.

2025ರ ಜೂನ್ ತಿಂಗಳು. ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಸತ್ತವರ ಸುದ್ದಿ ಮೊದಮೊದಲು ಬಿಡಿಬಿಡಿಯಾಗಿ ಬರುತ್ತಿತ್ತು. ಎಲ್ಲೋ ಒಬ್ಬ ಹುಡುಗ, ಇನ್ನೆಲ್ಲೋ ಒಬ್ಬರು ಗೃಹಿಣಿ. ಕೇಳಿದವರು ಅಯ್ಯೋ ಪಾಪ ಅಂದು ಸುಮ್ಮನಾಗುತ್ತಿದ್ದರು. ಆಮೇಲೆ ಯಾರೋ ಅದಕ್ಕೆ ನಂಬರ್ ಹಾಕಲು ಶುರು ಮಾಡಿದರು. ನಂಬರ್ ಬಿದ್ದ ಮೇಲೆ ಸಾವಿನ ಚಹರೆಯೇ ಬದಲಾಯಿತು. ಸತ್ತವನ ಹೆಸರು, ಊರು, ಮನೆತನ ಹಿಂದಕ್ಕೆ ಸರಿದು, ಪರದೆಯ ಮೂಲೆಯಲ್ಲಿ ಕೆಂಪು ಅಂಕಿಯೊಂದು ಕ್ರಿಕೆಟ್ ಸ್ಕೋರಿನ ಹಾಗೆ ಏರುತ್ತ ಹೋಯಿತು. ನಲವತ್ತು ದಿನದಲ್ಲಿ ಇಪ್ಪತ್ತು ದಾಟಿತು. ಅಂಗಡಿ ಮುಂದೆ ನಿಂತವನು ಕುಸಿದು ಬೀಳುವ ಸಿಸಿಟಿವಿ ದೃಶ್ಯ, ಅದರ ಸುತ್ತ ಕೆಂಪು ವೃತ್ತ, ಹಿಂದೆ ಡಬ್ ಡಬ್ ಅನ್ನುವ ಎದೆಬಡಿತದ ಸದ್ದು. ಒಬ್ಬ ಮನುಷ್ಯ ಒಂದೇ ರಾತ್ರಿಯಲ್ಲಿ ನಮ್ಮ ಹಜಾರದಲ್ಲಿ ಎಷ್ಟು ಸಲ ಬಿದ್ದು ಸತ್ತನೋ.

ನಾನು ರಿಟೈರಾದ ಲೆಕ್ಕದ ಮೇಷ್ಟ್ರು. ಸುಮ್ಮನಿರಲಾಗದೆ ಗ್ಯಾಸ್ ರಸೀದಿಯ ಹಿಂದೆ ಲೆಕ್ಕ ಮಾಡಿ ತೋರಿಸಿದೆ. ‘ನೋಡಿ ಭಾವ, 2011ರ ಜನಗಣತಿಯಲ್ಲೇ ನಮ್ಮ ಜಿಲ್ಲೆಯಲ್ಲಿ 17.76 ಲಕ್ಷ ಜನ. ವರ್ಷಕ್ಕೆ ಸಾವಿರಕ್ಕೆ ಆರು ಜನ ಅಂತ ಹಿಡಿದರೂ ನಲವತ್ತು ದಿನಕ್ಕೆ ಸಾವಿರದ ಮೇಲೆ ಸಾವು. ದೇಶದಲ್ಲಿ ಸಾಯೋರ ಪೈಕಿ ನಾಲ್ಕರಲ್ಲಿ ಒಬ್ಬರಾದರೂ ಹೃದಯ, ರಕ್ತನಾಳದ ಕಾಯಿಲೆಗೇ ಹೋಗೋದು. ಅಲ್ಲಿಗೆ ಇನ್ನೂರೈವತ್ತು ಮೀರಿತು. ಟಿವಿಯವರು ಹೇಳ್ತಿರೋದು ಇಪ್ಪತ್ತು ಚಿಲ್ಲರೆ.’

ಭಾವ ಮುದ್ದೆಯ ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. ‘ಅಂದ್ರೆ ಟಿವಿಯೋರು ಹೇಳೋದಕ್ಕಿಂತ್ಲೂ ಜಾಸ್ತಿ ಜನ ಸಾಯ್ತಾವ್ರೆ ಅನ್ನು ಮೇಷ್ಟ್ರೇ!’

ಅಲ್ಲಿಗೆ ನನ್ನ ಲೆಕ್ಕ ಮುಗಿಯಿತು. ಭಾವನದ್ದು ಪೂರಾ ತಪ್ಪು ಅಂತಲೂ ಅಲ್ಲ. ಅವರನ್ನು ಹೆದರಿಸಿದ್ದು ಒಟ್ಟು ಸಂಖ್ಯೆಯಲ್ಲ, ಸತ್ತವರ ವಯಸ್ಸು. ಮೂವತ್ತು, ನಲವತ್ತು ಕೂಡ ತುಂಬದವರ ಫೋಟೋ ಬಂದಾಗ ಲೆಕ್ಕದ ಮೇಷ್ಟ್ರಿಗೂ ಗಂಟಲು ಒಣಗುತ್ತದೆ.

ಅಷ್ಟರಲ್ಲಿ ಮಾತು ರಾಜಕೀಯಕ್ಕೂ ಹೋಯಿತು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿಗೆ ಹತ್ತು ದಿನದಲ್ಲಿ ವರದಿ ಕೊಡಲು ಹೇಳಿದ್ದನ್ನು ತಿಳಿಸಿದರು. ಜೊತೆಗೆ, ಕೋವಿಡ್ ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟದ್ದೂ ಒಂದು ಕಾರಣವಿರಬಹುದು ಎಂಬ ಅರ್ಥದ ಮಾತನ್ನೂ ಬರೆದರು. ಮಾರನೆಯ ದಿನವೇ ಕೇಂದ್ರ ಆರೋಗ್ಯ ಸಚಿವಾಲಯ, ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳಲ್ಲಿ ಅಂಥ ಸಂಬಂಧ ಕಂಡಿಲ್ಲ ಎಂದಿತು. ಆಟೋ ಸ್ಟ್ಯಾಂಡಿಗೆ ತಲುಪಿದ್ದು ಲಸಿಕೆಯ ಮೇಲಿನ ಅನುಮಾನ ಮಾತ್ರ. ವಾಟ್ಸಾಪಿನಲ್ಲಿ ಬೆಳ್ಳುಳ್ಳಿ ಕಷಾಯ ಬಂತು, ಬಿಸಿನೀರು ಬಂತು, ಕೋಳಿ ತಿನ್ನಬೇಡಿ ಅಂತ ಬಂತು, ಜೋರಾಗಿ ಕೆಮ್ಮಿದರೆ ನಿಂತ ಹೃದಯ ಮತ್ತೆ ಓಡುತ್ತದೆ ಅಂತಲೂ ಬಂತು. ಭಾವ ಒಂದು ರಾತ್ರಿ ಎದ್ದು ಕೂತು ಕೆಮ್ಮಿದರು. ಅಕ್ಕ ಕಳ್ಳ ಬಂದನೆಂದು ಲೈಟು ಹಾಕಿದಳು.

ಕಡೆಗೆ ಒಂದು ದಿನ, ‘ಎಡಗೈ ಜೋಮು ಹಿಡೀತೈತೆ, ಮೈಸೂರು ಜಯದೇವಕ್ಕೆ ಹೋಗ್ಬರನ’ ಅಂದರು. ಹಾಸನದಲ್ಲೇ ಹಿಮ್ಸ್ ಆಸ್ಪತ್ರೆ ಇದೆಯಲ್ಲ ಅಂದೆ. ‘ಹಾಸನದಲ್ಲೇ ತಾನೇ ಸಾಯ್ತಿರದು? ಅಲ್ಲಿಗೇ ಹೋಗು ಅಂತೀಯಲ್ಲ!’ ಅಂದರು. ಈ ತರ್ಕಕ್ಕೆ ನನ್ನ ಹತ್ತಿರ ಉತ್ತರ ಇವತ್ತಿಗೂ ಇಲ್ಲ.

ಕೋಳಿ ಕೂಗುವ ಮುಂಚೆ ಅಕ್ಕನ ಮೈದುನನ ಕಾರಿನಲ್ಲಿ ಹೊರಟೆವು. ಸಣ್ಣಗೆ ಜಡಿಮಳೆ. ಭೇರ್ಯ ದಾಟುವ ತನಕ ಭಾವ ಮಾತಾಡಲಿಲ್ಲ. ಆಮೇಲೆ ತಾವಾಗಿ ಅಪ್ಪು ವಿಷಯ ತೆಗೆದರು. 2021ರ ಅಕ್ಟೋಬರ್ 29, ಶುಕ್ರವಾರ, ಅಪ್ಪು ಹೃದಯ ನಿಂತು ಹೋದ ದಿನ. ಪುನೀತ್ ರಾಜ್‌ಕುಮಾರ್‌ಗೆ ಆಗ ನಲವತ್ತಾರು ವರ್ಷ. ದಿನಾ ವ್ಯಾಯಾಮ ಮಾಡುವ, ಸಿನಿಮಾದಲ್ಲಿ ಪಲ್ಟಿ ಹೊಡೆಯುವ ಮೈ. ಅಂಥವನೇ ಹೋದ ಮೇಲೆ ಬೀಡಿ ಸೇದುವವನ ಗತಿಯೇನು ಎಂಬ ಪ್ರಶ್ನೆ ಆವತ್ತೇ ಅವರೊಳಗೆ ಹೊಕ್ಕಿತ್ತಂತೆ. ಆಗಲೂ ಬೆಂಗಳೂರಿನ ಜಯದೇವಕ್ಕೆ ಜನ ಮುಗಿಬಿದ್ದಿದ್ದರು. ಗಾಬರಿಯಾಗಬೇಡಿ ಎಂದು ಆಗಿನ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಕೇಳಿಕೊಳ್ಳಬೇಕಾಯಿತು. ನಮ್ಮ ಊರಿನ ಜಿಮ್ಮಿನಲ್ಲಿ ಕೆಲವು ವಾರ ಕಬ್ಬಿಣಕ್ಕೆ ತುಕ್ಕು ಹಿಡಿಯುವಷ್ಟು ಬಿಡುವು.

ಆದರೆ ಇನ್ನೊಂದೂ ಆಗಿತ್ತಲ್ಲ. 2006ರಲ್ಲಿ ಅಪ್ಪ ರಾಜ್‌ಕುಮಾರ್ ಕಣ್ಣು ಕೊಟ್ಟಂತೆ ಮಗನೂ ಕೊಟ್ಟ. ನಾರಾಯಣ ನೇತ್ರಾಲಯದವರು ಆ ಎರಡು ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಕೊಟ್ಟರೆಂಬ ಸುದ್ದಿ ಬಂದ ಮೇಲೆ ರಾಜ್ಯದಲ್ಲಿ ನೇತ್ರದಾನಕ್ಕೆ ಹೆಸರು ಬರೆಸುವವರು ಸಾಲುಗಟ್ಟಿದರು. ಭಾವನೂ ಬರೆಸಿದ್ದಾರೆ; ಆ ಕಾರ್ಡು ಆಟೋದಲ್ಲಿ ಇನ್ಶೂರೆನ್ಸ್ ಕಾಗದದ ಜೊತೆ ಇದೆ. ಟಿವಿಯನ್ನು ಬೈಯುವಾಗ ಈ ಕಾರ್ಡು ನೆನಪಾಗಿ ನನ್ನ ಬೈಗುಳ ಸ್ವಲ್ಪ ಮೆತ್ತಗಾಗುತ್ತದೆ. ಅದೇ ಪೆಟ್ಟಿಗೆ, ಅದೇ ಜನ. ಒಂದು ಸಲ ಕೊಡಲು ಸಾಲು ನಿಂತರು, ಇನ್ನೊಂದು ಸಲ ಹೆದರಿ ಸಾಲು ನಿಂತರು.

ಕೆಆರ್‌ಎಸ್ ರಸ್ತೆಯ ಆಸ್ಪತ್ರೆ ಮುಂದೆ ಇಳಿದಾಗ ಸರಿಯಾಗಿ ಬೆಳಕು ಹರಿದಿರಲಿಲ್ಲ. ಸಾಲು ನೋಡಿ ನನಗೆ ದಂಗುಬಡಿಯಿತು. ಛತ್ರಿ ಹಿಡಿದವರು, ತಲೆ ಮೇಲೆ ಟವೆಲ್ ಹೊದ್ದವರು, ಚಪ್ಪಲಿಯನ್ನು ತಮ್ಮ ಬದಲು ಸಾಲಿನಲ್ಲಿ ಬಿಟ್ಟು ಟೀ ಕುಡಿಯಲು ಹೋದವರು. ಮದುವೆಗೆ ಹೊರಟವರ ಹಾಗೆ ಸಂಸಾರ ಸಮೇತ ಬಂದವರಿದ್ದರು. ಮಂಡ್ಯ ಕಡೆಯ ಹುಡುಗನೊಬ್ಬ, ತೋಳು ಅಂಗಿಯಲ್ಲಿ ಹಿಡಿಸುತ್ತಿಲ್ಲ, ‘ಅಣ್ಣ, ಬಲಗಡೆ ನೋವು ಬಂದ್ರೂ ಹಾರ್ಟೇನಾ?’ ಅಂತ ನನ್ನನ್ನು ಕೇಳಿದ. ಗಾಬರಿ ಬೀಳಬೇಡಿ, ನಿಮ್ಮ ಊರಿನ ಆಸ್ಪತ್ರೆಗಳಲ್ಲೇ ತೋರಿಸಿಕೊಳ್ಳಿ ಎಂದು ವೈದ್ಯರು ಆ ದಿನಗಳಲ್ಲಿ ಹೇಳುತ್ತಲೇ ಇದ್ದರು. ಆ ಮಾತು ಸಾಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅದು ಬೇರೆಯವರಿಗೆ ಹೇಳಿದ್ದು ಅಂತ ಪ್ರತಿಯೊಬ್ಬರೂ ತಿಳಿದುಕೊಂಡಿದ್ದರು.

ನಮಗಿಂತ ಸ್ವಲ್ಪ ಮುಂದೆ ಒಬ್ಬ ಅಜ್ಜಿ, ಹುಣಸೂರು ಕಡೆಯವರು, ದುಪ್ಪಟಿ ಮಡಚಿ ಹಾಸಿಕೊಂಡು ಕೂತಿದ್ದರು. ಮಡಿಲಲ್ಲಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರ್, ಅದರೊಳಗೆ ದಪ್ಪನೆಯ ಫೈಲು. ಅವರಿಗೆ ಹಿಂದೆಯೇ ಸ್ಟೆಂಟ್ ಹಾಕಿದ್ದರಂತೆ. ತಿಂಗಳ ಮಾತ್ರೆಗೂ ಚೆಕಪ್ಪಿಗೂ ಮೊಮ್ಮಗನ ಜೊತೆ ಬಂದಿದ್ದರು. ‘ಯಾವಾಗ್ಲೂ ಹತ್ತು ಗಂಟೆಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹೋಗ್ತಿದ್ದೆ. ಇವತ್ತೇನು ಜಾತ್ರೆನಾ?’ ಅಂದರು. ಆಮೇಲೆ ಭಾವನ ಕಡೆ ತಿರುಗಿ, ‘ನಿಂಗೇನಾಗೈತಪ್ಪ?’

‘ಏನೂ ಆಗಿಲ್ಲ ಕಣಜ್ಜಿ.’

‘ನಿಂಗೆ?’ ಅಂತ ತೋಳಿನ ಹುಡುಗನನ್ನು ಕೇಳಿದರು. ಅವನೂ ಏನೂ ಇಲ್ಲ ಅಂದ. ಪಾಂಡವಪುರದ ಗಂಡ ಹೆಂಡತಿಯನ್ನೂ ಕೇಳಿದರು. ಅವರಿಗೂ ಏನೂ ಆಗಿರಲಿಲ್ಲ.

‘ಏನೂ ಆಗ್ದೋರೆಲ್ಲ ಇಲ್ಲಿ ನಿಂತ್ರೆ ಆದೋರು ಎಲ್ಲಿಗೋಗ್ಬೇಕು?’ ಅಜ್ಜಿಯ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕು ಅಂತಲೇ ಕೇಳಿದ ಹಾಗಿತ್ತು. ಸುತ್ತ ನಿಂತವರು ಛತ್ರಿ, ಮೊಬೈಲು ನೋಡಿಕೊಂಡರು. ಸ್ವಲ್ಪ ಹೊತ್ತಿಗೆ ಸಿಬ್ಬಂದಿಯೊಬ್ಬರು ಬಂದು ಹಳೇ ಫೈಲಿನವರು ಯಾರಿದ್ದೀರಿ ಅಂತ ಕೂಗಿ, ಅಜ್ಜಿಯನ್ನು ಬೇರೆ ಕಡೆಗೆ ಕರೆದುಕೊಂಡು ಹೋದರು. ದುಪ್ಪಟಿ ಕೊಡವಿ ಏಳುವುದಕ್ಕೇ ಅವರಿಗೆ ಉಸಿರು ಕಟ್ಟುತ್ತಿತ್ತು.

ಆಗ ಬಂದದ್ದು ಕ್ಯಾಮೆರಾ.

ಮೈಕು ಹಿಡಿದ ಹುಡುಗನಿಗೆ ಇಪ್ಪತ್ತೈದೂ ಇರಲಾರದು. ಮಳೆಯಲ್ಲಿ ನೆನೆದು ಅಂಗಿ ಮೈಗೆ ಅಂಟಿತ್ತು, ಬೆಳಿಗ್ಗೆ ತಿಂಡಿ ತಿಂದ ಹಾಗೆ ಕಾಣಲಿಲ್ಲ. ಅವನ ಮೇಲೆ ನನಗೆ ಕೋಪವಿಲ್ಲ. ಗಂಟೆಗೊಂದು ಸಲ ಲೈವ್ ಕೊಡು ಅಂತ ಮೇಲಿನವರು ಕೂತಲ್ಲಿಂದ ಹೇಳುತ್ತಿದ್ದರೆ ಅವನು ತಾನೇ ಏನು ಮಾಡುತ್ತಾನೆ. ಸಾಲಿನುದ್ದಕ್ಕೂ ಒಂದೇ ಪ್ರಶ್ನೆ: ‘ಭಯ ಆಗ್ತಿದೆಯಾ ಸರ್?’ ಇಲ್ಲ ಅಂದವರನ್ನು ಬಿಟ್ಟು ಮುಂದೆ ಹೋಗುತ್ತಿದ್ದ. ಭಾವ ಇಲ್ಲ ಅನ್ನುವ ಪೈಕಿಯಲ್ಲ. ‘ಆಗ್ದೇ ಇರ್ತದಾ ಸರ್, ನಾವು ಆಟೋದೋರು, ಯಾವಾಗ ಏನೋ’ ಅಂದರು. ಅಷ್ಟು ಹೊತ್ತಿಗೆ ಹಿಂದಿನಿಂದ ಜನ ನೂಕಿದರು. ಭಾವನ ಮೇಲಂಗಿ ಜೇಬಿನಲ್ಲಿ ಆಸ್ಪತ್ರೆ ಖರ್ಚಿಗೆಂದು ತಂದ ದುಡ್ಡಿತ್ತು. ಜೇಬುಗಳ್ಳರಿರುತ್ತಾರೆ ಅಂತ ಅಕ್ಕ ಎಚ್ಚರಿಸಿ ಕಳಿಸಿದ್ದಳು. ಭಾವ ಥಟ್ಟನೆ ಎಡಗಡೆಯ ಜೇಬನ್ನು ಅಂಗೈಯಲ್ಲಿ ಒತ್ತಿ ಹಿಡಿದು ಮುಖ ಕಿವುಚಿದರು. ಕ್ಯಾಮೆರಾದವನಿಗೆ ಇದಕ್ಕಿಂತ ಬೇಕೇನು?

ಒಳಗೆ ಇಸಿಜಿಗೆ ನಮ್ಮ ಸರದಿ ಬಂದಾಗ ಮಧ್ಯಾಹ್ನ ತಿರುಗಿತ್ತು. ಭಾವ ಅಂಗಿ ಬಿಚ್ಚಿ ಮಲಗಿದರು. ಎದೆಗೆ ತಣ್ಣನೆಯ ಜೆಲ್ ಹಚ್ಚಿ, ಆರು ರಬ್ಬರ್ ಬುಡ್ಡೆ ಅಂಟಿಸಿ, ಕೈಕಾಲಿಗೆ ನಾಲ್ಕು ಕ್ಲಿಪ್ಪು ಹಾಕಿದರು. ಜೆಲ್ ತಾಗಿದ್ದೇ ತಡ ಭಾವ ಉಸಿರು ಬಿಗಿಹಿಡಿದು ಸೂರು ನೋಡತೊಡಗಿದರು. ‘ಉಸಿರಾಡಿ ಯಜಮಾನ್ರೇ, ನೀವು ಉಸಿರಾಡಿದ್ರೇನೇ ಇದು ಬರೋದು’ ಅಂದಳು ಆ ಹುಡುಗಿ. ಬೆಳಗಿನಿಂದ ಎಷ್ಟು ಜನಕ್ಕೆ ಹೇಳಿದ್ದಳೋ, ಆದರೂ ನಗುತ್ತಲೇ ಹೇಳಿದಳು. ಗುಲಾಬಿ ಕಾಗದದ ಮೇಲೆ ಗೀಟು ಏರಿಳಿಯುತ್ತ ಹೊರಬಂತು.

ಡಾಕ್ಟರು ಕಾಗದ ನೋಡಿ ಇದರಲ್ಲಿ ತೊಂದರೆ ಕಾಣುತ್ತಿಲ್ಲ ಅಂದರು. ಭಾವ ಎದ್ದೇಬಿಟ್ಟರು. ‘ಕೂತ್ಕೊಳಿ’ ಅಂದರು ಡಾಕ್ಟರು. ಇಸಿಜಿ ಅನ್ನುವುದು ಈ ಗಳಿಗೆಯ ಚಿತ್ರ, ನಾಳೆಗೆ ಗ್ಯಾರಂಟಿ ಪತ್ರವಲ್ಲ ಅಂತ ಬಿಡಿಸಿ ಹೇಳಿ, ಬಿಪಿ ನೋಡಿದರು. 160/100. ಮತ್ತೊಂದು ಸಲ ನೋಡಿದರು, ಹೆಚ್ಚುಕಡಿಮೆ ಅಷ್ಟೇ. ಎಷ್ಟು ಗಂಟೆ ಗಾಡಿ ಓಡಿಸುತ್ತೀರಿ, ಊಟ ಯಾವಾಗ, ಬೀಡಿ ಎಷ್ಟು. ಭಾವ ಬೀಡಿಯ ಲೆಕ್ಕವನ್ನು ಅರ್ಧಕ್ಕಿಳಿಸಿ ಹೇಳಿದರು. ಡಾಕ್ಟರು ಅದನ್ನು ಮನಸ್ಸಿನಲ್ಲೇ ದುಪ್ಪಟ್ಟು ಮಾಡಿಕೊಂಡರು ಅಂತ ಅವರ ಮುಖದಲ್ಲಿ ಕಾಣುತ್ತಿತ್ತು. ಮಾತ್ರೆ ಬರೆದು, ‘ಇದನ್ನ ನೋಡಕ್ಕೆ ಇಲ್ಲೀ ತನಕ ಬರ್ಬೇಕಾಗಿರ್ಲಿಲ್ಲ, ನಿಮ್ಮೂರಲ್ಲೇ ನೋಡ್ತಾರೆ. ಮಾತ್ರೆ ಮಾತ್ರ ಬಿಡ್ಬೇಡಿ’ ಅಂದರು. ಅಂತೂ ಎದೆಗೆ ಹೆದರಿ ಹೋದವರಿಗೆ ಬಿಪಿ ಸಿಕ್ಕಿತು. ಹೆದರದೆ ಮನೆಯಲ್ಲೇ ಕೂತಿದ್ದರೆ ಇನ್ನೆಷ್ಟು ವರ್ಷ ಗೊತ್ತಾಗುತ್ತಿರಲಿಲ್ಲವೋ.

ವಾಪಸು ಬರುವಾಗ ಭಾವ ಹಾಡು ಗುನುಗುತ್ತಿದ್ದರು. ಕೆ.ಆರ್. ನಗರದಲ್ಲಿ ಇಳಿದು ದೋಸೆ ತಿಂದೆವು. ಅಲ್ಲೇ ಮೊದಲ ಫೋನು ಬಂತು. ಅರಕಲಗೂಡಿನ ಷಡ್ಡಕರು, ಅತ್ತ ದನಿ: ‘ಮೇಷ್ಟ್ರೇ, ಅವ್ರಿಗೆ ಈಗ ಹೆಂಗೈತೆ?’

ಚಾನೆಲ್‌ನಲ್ಲಿ ಭಾವ ಅದಾಗಲೇ ಓಡುತ್ತಿದ್ದರು. ‘ಯಾವಾಗ ಏನೋ’ ಅನ್ನುವ ಮಾತು, ಜೇಬು ಒತ್ತಿ ಹಿಡಿದ ಕೈ, ಕಿವುಚಿದ ಮುಖ. ಅದನ್ನು ನಿಧಾನಗತಿಯಲ್ಲಿ ತಿರುಗಾ ಮುರುಗಾ ತೋರಿಸುತ್ತಿದ್ದರು. ಸುತ್ತ ಕೆಂಪು ವೃತ್ತ, ಕೆಳಗೆ ಎದೆ ಹಿಡಿದು ನಿಂತ ಆಟೋ ಚಾಲಕ ಎಂಬ ಅರ್ಥದ ಸಾಲು, ಹಿಂದೆ ಅದೇ ಡಬ್ ಡಬ್. ಯಾವ ದೃಶ್ಯ ನೋಡಿ ಭಾವ ಮೈಸೂರಿಗೆ ಓಡಿದ್ದರೋ ಆ ಸಾಲಿಗೇ ಭಾವನೂ ಸೇರಿಹೋಗಿದ್ದರು. ಮನೆ ಮುಟ್ಟುವ ಹೊತ್ತಿಗೆ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಹಿಂದಿನ ಬೀದಿಯ ಒಬ್ಬಾಕೆ ಅಕ್ಕನ ಕೈ ಹಿಡಿದುಕೊಂಡು ಅಳುವುದಕ್ಕೆ ಶುರು ಮಾಡಿಯಾಗಿತ್ತು. ಭಾವ ಕಾರಿನಿಂದ ಇಳಿದು ನಿಂತರೂ ಆಕೆಗೆ ಅಳು ನಿಲ್ಲಿಸಲು ಸ್ವಲ್ಪ ಸಮಯ ಬೇಕಾಯಿತು.

ಮಾರನೆಯ ದಿನ ಸ್ಟ್ಯಾಂಡಿನಲ್ಲಿ ನಾಲ್ಕೈದು ಆಟೋ ಕಡಿಮೆ. ಎಲ್ಲಿ ಅಂತ ಕೇಳಿದರೆ, ‘ನಿನ್ನ ನೋಡಿದ್ಮೇಲೆ ತಡ್ಕಳಕಾಗ್ಲಿಲ್ಲ ಅಂತ ಮೈಸೂರ್‌ಗೋದ್ರು.’ ಭಾವನಿಗೆ ಆಗ ಸಿಟ್ಟು ನೆತ್ತಿಗೇರಿತು. ಚಾನೆಲ್ಲಿನ ನಂಬರ್ ಹುಡುಕಿಸಿ ಫೋನ್ ಮಾಡಿದರು. ನಾನು ಬದುಕಿದೀನಿ, ಜೇಬು ಹಿಡ್ಕೊಂಡಿದ್ದು, ಅದನ್ನೂ ಹಾಕಿ ಅಂದರು. ಆ ಕಡೆಯ ಹುಡುಗಿ ಬಹಳ ವಿನಯದಿಂದ ಎಲ್ಲ ಕೇಳಿಸಿಕೊಂಡು, ‘ಅದು ನ್ಯೂಸ್ ಆಗಲ್ವಲ್ಲ ಸರ್’ ಅಂದಳಂತೆ.

ಕೆಲವೇ ದಿನಗಳಲ್ಲಿ ಸಮಿತಿಯ ವರದಿ ಬಂತು. ಪತ್ರಿಕೆ ಹಿಡಿದುಕೊಂಡು ನಾನೇ ಸ್ಟ್ಯಾಂಡಿಗೆ ಹೋಗಿ ಓದಿದೆ. ಹೃದಯಾಘಾತ ಎಂದು ಎಣಿಸಿದ್ದ 24 ಸಾವುಗಳಲ್ಲಿ ಹೃದಯಕ್ಕೆ ಸಂಬಂಧಿಸಿದವು 20. ಉಳಿದ ನಾಲ್ಕಕ್ಕೆ ಬೇರೆ ಕಾರಣ. ಅದರಲ್ಲಿ ರಸ್ತೆ ಅಪಘಾತ, ವಿದ್ಯುತ್ ಆಘಾತ ಕೂಡ ಇತ್ತು. ಜಿಲ್ಲೆಯಲ್ಲಿ ಹೃದಯದ ಸಾವು ಅಸಹಜವಾಗಿ ಏರಿದ್ದು ಕಂಡುಬಂದಿಲ್ಲ.

‘ಕರೆಂಟ್ ಹೊಡ್ದೋನ್ನೂ ನಮ್ ಲೆಕ್ಕಕ್ಕೆ ಸೇರ್ಸಿದ್ರಾ?’ ಅಂದರು ಭಾವ. ಎಲ್ಲರೂ ನಕ್ಕರು. ಸತ್ತವರಲ್ಲಿ ಆಟೋ, ಕ್ಯಾಬ್ ಓಡಿಸುವವರ ಪಾಲು ಎದ್ದು ಕಾಣುವಷ್ಟಿದೆ ಎಂಬ ಸಾಲು ಓದಿದಾಗ ಯಾರೂ ನಗಲಿಲ್ಲ. ದಿನವಿಡೀ ಕೂತೇ ಇರುವುದು, ಹೊತ್ತು ಗೊತ್ತಿಲ್ಲದ ಊಟ, ಹೊಗೆ, ನಿದ್ದೆಗೇಡು. ಯಾವ ಚಾನೆಲ್ಲೂ ಇದನ್ನು ಡಬ್ ಡಬ್ ಹಾಕಿ ತೋರಿಸಿದ್ದು ನಾನು ನೋಡಲಿಲ್ಲ. ತೋರಿಸುವುದಾದರೂ ಹೇಗೆ? ಹತ್ತು ವರ್ಷ ನಿಧಾನವಾಗಿ ಕೆಡುವ ರಕ್ತನಾಳಕ್ಕೆ ಸಿಸಿಟಿವಿ ಇರುವುದಿಲ್ಲ.

ಪುನೀತ್ ಹೆಸರಿನಲ್ಲೇ ಸರ್ಕಾರದ ಹೃದಯ ಜ್ಯೋತಿ ಯೋಜನೆ ಇರುವುದನ್ನೂ ಆವತ್ತೇ ಹೇಳಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತವೆಂದು ಖಾತ್ರಿಯಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದರ ಬೆಲೆ ಹತ್ತಾರು ಸಾವಿರ. ನಿಜವಾಗಿ ಎದೆನೋವು ಬಂದವನಿಗೆ ಮೊದಲ ಗಂಟೆಯೇ ಮುಖ್ಯ. ಅವನು ಮೈಸೂರಿನ ದಾರಿ ಹಿಡಿದರೆ ಆ ಗಂಟೆ ಭೇರ್ಯದ ಆಚೆಗೀಚೆ ಮುಗಿದಿರುತ್ತದೆ. ಅಪ್ಪು ಚಿತ್ರ ಅಂಟಿಸಿಕೊಂಡವರು ಸ್ಟ್ಯಾಂಡಿನಲ್ಲಿ ಅಷ್ಟೊಂದು ಜನ, ಯೋಜನೆ ಗೊತ್ತಿದ್ದವನು ಒಬ್ಬನೂ ಇರಲಿಲ್ಲ.

ಈಗ ಭಾವ ಊರಿನ ಆಸ್ಪತ್ರೆಯಲ್ಲೇ ಬಿಪಿ ನೋಡಿಸುತ್ತಾರೆ. ಮಾತ್ರೆ ತಪ್ಪಿಸುವುದಿಲ್ಲ. ಬೀಡಿ ಕಡಿಮೆಯಾಗಿದೆ ಅನ್ನುತ್ತಾರೆ. ಎಷ್ಟು ಅಂತ ಕೇಳಿದರೆ ಮಾತು ಬದಲಿಸುತ್ತಾರೆ. ಉಪ್ಪಿನಕಾಯಿ ಜಾಡಿಯನ್ನು ಅಕ್ಕ ಅಟ್ಟದ ಮೇಲಿಟ್ಟಿದ್ದಾಳೆ. ಅವಳು ಬೆಳಿಗ್ಗೆ ಐದಕ್ಕೆ ಎದ್ದವಳು ರಾತ್ರಿ ಪಾತ್ರೆ ತೊಳೆದು ಮಲಗುವ ತನಕ ಕೂರುವುದಿಲ್ಲ. ಮೆಟ್ಟಿಲು ಹತ್ತುವಾಗ ಈಚೆಗೆ ನಡುವೆ ನಿಂತು ಸುಧಾರಿಸಿಕೊಳ್ಳುತ್ತಾಳೆ. ನಿನ್ನದೂ ಒಂದು ಸಲ ನೋಡಿಸೋಣ ನಡಿ ಅಂದರೆ, ‘ನಂಗೇನಾಗೈತೆ ತಮ್ಮ, ಅದೇನು ಟಿವಿಯವ್ರು ಹೆಂಗಸ್ರಿಗೆ ಅಂತ ಹೇಳಿದ್ರಾ?’ ಅನ್ನುತ್ತಾಳೆ. ಸೋಮವಾರ ಅವಳನ್ನೂ ಕರೆದುಕೊಂಡು ಹೋಗುತ್ತೇನೆ.